ಭಾವೀ ಉಪಾಧ್ಯಾಯರೂ ಪರಿಸರದ ಪಾಠವೂ

ಉಪಾಧ್ಯಾಯರ ಮಾತನ್ನು ಮಕ್ಕಳು ಕಿವಿಯಿಂದ ಕೇಳುವರು. ಅವರ ನಡತೆಯನ್ನು ಕಣ್ಣಿನಿಂದ ಕಲಿಯುವರು. ಇದು ಎಲ್ಲ ಪಾಠಗಳಿಗೂ ಸಲ್ಲುವ ಮಾತಾದರೂ, ಪರಿಸರದ ಪಾಠಕ್ಕೆ ವಿಶೇಷವಾಗಿ ಸಲ್ಲತಕ್ಕದ್ದು. ಲೆಕ್ಕವನ್ನು ತಪ್ಪಿಲ್ಲದೆ ಬರೆದರೆ ಲೆಕ್ಕ ಬಂದಂತೆಯೇ ಸರಿ. ಆದರೆ ಕೆರೆಯನ್ನು ಕೆಡಿಸಬಾರದೆಂದು ತಪ್ಪಿಲ್ಲದೆ ಬರೆದ ಮಾತ್ರಕ್ಕೆ ಕೆರೆ ತಿಳಿಯಾಗುವುದಿಲ್ಲ.

ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಬಿ.ಎಡ್. ವ್ಯಾಸಂಗ ಮಾಡುತ್ತಿರುವಳು. ಬೋಧನಾಭ್ಯಾಸದಲ್ಲಿ ಅವಳ ಪಾಲಿಗೆ ಜಲಮಾಲಿನ್ಯದ ಪಾಠ ಬಂದಿತ್ತು. ಹಿಂದಿನ ದಿನ ಸಂಜೆ ಜಗಲಿಯ ಮೇಲೆ ಕುಳಿತು, ಥರ್ಮೋಕೋಲಿನ ಹಲಗೆಯನ್ನು ಕತ್ತರಿಸಿ, ಕೆರೆ, ದಡ, ಮೀನುಗಳನ್ನು ಮಾಡಿ, ಮಿನುಗುವ ಹಾಳೆಯನ್ನು ಅಂಟಿಸುತ್ತಿದ್ದಳು. ಬಿಳಿಯ ಕಾಳುಗಳು ಗಾಳಿಗೆ ಹಾರಿ ಮನೆಯ ಮುಂದಣ ಚರಂಡಿಯನ್ನು ಸೇರುತ್ತಿದ್ದುವು. ಹೂ ಕಟ್ಟುತ್ತಿದ್ದ ಅವಳ ಅಜ್ಜಿ ಅದನ್ನು ನೋಡಿ, “ಅಲ್ಲ ಮಗು, ಕೆರೆಯನ್ನು ಕೆಡಿಸಬೇಡಿ ಎಂದು ಹೇಳುವುದಕ್ಕೆ ಈ ಕಸವೇ ಬೇಕೆ? ಈ ಚರಂಡಿಯ ನೀರು ಹೋಗುವುದು ಕೆರೆಗೇ ಅಲ್ಲವೆ?” ಎಂದರು. “ಏನು ಮಾಡಲಿ ಅಜ್ಜಿ? ಪಾಠೋಪಕರಣ ಅಂದವಾಗಿದ್ದರೇನೇ ಅಂಕ ಕೊಡುವುದು” ಎಂದು ಹುಡುಗಿ ಉತ್ತರವಿತ್ತಳು.

ವಾಚಕರೇ, ಈ ಹುಡುಗಿ ಅಜ್ಞಳಲ್ಲ. ಮಾಲಿನ್ಯದ ಕಾರಣಗಳನ್ನು ಕೇಳಿದರೆ ಒಂದೇ ಉಸಿರಿನಲ್ಲಿ ಹೇಳಬಲ್ಲಳು. ಅವಳಲ್ಲಿ ತಿಳಿವಳಿಕೆ ಉಂಟು. ಆ ತಿಳಿವಳಿಕೆ ಕೈಗೆ ಇಳಿದಿಲ್ಲ. 1977ರ ಅಕ್ಟೋಬರಿನಲ್ಲಿ, ಈಗ ಜಾರ್ಜಿಯಾ ದೇಶದ ರಾಜಧಾನಿಯಾಗಿರುವ ತಿಬಿಲಿಸಿ ನಗರದಲ್ಲಿ ಯುನೆಸ್ಕೋ ಸಂಸ್ಥೆಯು ಕೂಡಿಸಿದ ಸಮ್ಮೇಳನವು ಪರಿಸರಶಿಕ್ಷಣಕ್ಕೆ ಐದು ಗುರಿಗಳನ್ನು ವಿಧಿಸಿತು: ಅರಿವು, ಜ್ಞಾನ, ಮನೋಭಾವ, ಕೌಶಲ, ಭಾಗವಹಿಸುವಿಕೆ. ನಮ್ಮ ಪರೀಕ್ಷೆಗಳು ಮೊದಲೆರಡನ್ನು ಅಳೆದು ತೃಪ್ತವಾಗುವುವು. ಮಿಕ್ಕ ಮೂರನ್ನು ಅಳೆಯುವವರು ಯಾರು?

1991ನೆಯ ನವೆಂಬರ್ 22ರಂದು ಭಾರತದ ಸುಪ್ರೀಂ ಕೋರ್ಟು ಶಾಲಾಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯವಾಗಿ ಬೋಧಿಸಬೇಕೆಂಬ ತತ್ತ್ವವನ್ನು ಒಪ್ಪಿ ನಿರ್ದೇಶವಿತ್ತಿತು. ಹೀಗೆ ವಿಷಯವೇನೋ ಪಾಠಪಟ್ಟಿಯನ್ನು ಸೇರಿತು. ಆದರೆ “ಇದು ವಿಜ್ಞಾನದ ಮೇಷ್ಟರ ಕೆಲಸ” ಎಂದು ಭಾಷೆ ಕಲಿಸುವವರೂ, “ಇದು ಸರ್ಕಾರದ ಕೆಲಸ” ಎಂದು ಉಳಿದವರೂ ಭಾವಿಸಿದರೆ, ಪಾಠಪಟ್ಟಿಯು ಕಾಗದದ ಮೇಲೆಯೇ ಉಳಿಯುವುದು. 2022ನೆಯ ಜುಲೈ 1ರಿಂದ ಅಲಂಕಾರದ ಥರ್ಮೋಕೋಲನ್ನು ನಮ್ಮ ದೇಶದಲ್ಲಿ ನಿಷೇಧಿಸಿರುವುದಷ್ಟೆ. ಪಾಠೋಪಕರಣವು ಅಲಂಕಾರವಲ್ಲವೆಂದು ಯಾರಾದರೂ ವಾದಿಸಬಹುದು. ಹೆಸರನ್ನು ಬದಲಿಸಿದ ಮಾತ್ರಕ್ಕೆ ಮಣ್ಣಿನಲ್ಲಿ ಕೊಳೆಯದಿರುವ ಅದರ ಗುಣ ಬದಲಾಗುವುದೆ?

ತಪ್ಪೆಲ್ಲವನ್ನೂ ಹುಡುಗರ ಮೇಲೆ ಹೊರಿಸುವುದು ನ್ಯಾಯವಲ್ಲ. ಅಂಕ ಕೊಡುವ ಹಿರಿಯರು ಉಪಕರಣದ ಹೊಳಪನ್ನು ಬಿಟ್ಟು, ಅದು ಯಾವುದರಿಂದಾಯಿತು, ಪಾಠ ಮುಗಿದ ಮೇಲೆ ಎಲ್ಲಿಗೆ ಹೋಗುವುದು ಎಂಬುದನ್ನೂ ಕೇಳತಕ್ಕದ್ದು. ನಾವು ಗೃಹಸ್ಥರೂ ಹೊರಗಲ್ಲ. ಬಟ್ಟೆಯ ಚೀಲ, ಬಾಳೆಯೆಲೆ, ಅಡಿಗೆಮನೆಯ ಸಿಪ್ಪೆಯಿಂದಾಗುವ ಗೊಬ್ಬರ ಇವೆಲ್ಲ ಹಳೆಯ ಕಾಲದ ಬಡತನದ ಗುರುತುಗಳೆಂದು ಮನೆಯಲ್ಲಿ ಹೀಗಳೆದರೆ, ಅದೇ ಮನೆಯಿಂದ ಹೊರಡುವ ಉಪಾಧ್ಯಾಯನು ಶಾಲೆಯಲ್ಲಿ ಅವುಗಳನ್ನು ಹೇಗೆ ಕೊಂಡಾಡಿಯಾನು?

ಅಂದು ರಾತ್ರಿ ಹುಡುಗಿ ಥರ್ಮೋಕೋಲನ್ನು ಕಟ್ಟಿಟ್ಟಳು. ಬೆಳಿಗ್ಗೆ ಎರಡು ಗಾಜಿನ ಸೀಸೆಗಳಲ್ಲಿ ಬಾವಿಯ ನೀರನ್ನೂ ಕೆರೆಯ ನೀರನ್ನೂ ತುಂಬಿಕೊಂಡು ಶಾಲೆಗೆ ಹೋದಳು. ಬಿಳಿಯ ಬಟ್ಟೆಯಲ್ಲಿ ಎರಡನ್ನೂ ಸೋಸಿ ಮಕ್ಕಳ ಮುಂದೆ ಹಿಡಿದಳಂತೆ. ಕೆರೆಯ ನೀರು ಸೋಸಿದ ಬಟ್ಟೆಯನ್ನು ಕಂಡು ಒಬ್ಬ ಹುಡುಗನು, “ಅಕ್ಕಾ, ನಮ್ಮ ಬೀದಿಯ ಚರಂಡಿಯೂ ಅಲ್ಲಿಗೇ ಹೋಗುತ್ತೆ” ಎಂದನಂತೆ. ಅವಳಿಗೆ ಅಂಕ ಎಷ್ಟು ಬಂದಿತೆಂದು ನಾನು ಕೇಳಲಿಲ್ಲ. ಆ ಹುಡುಗನ ಮಾತು ಸಾಕೆಂದು ತೋರಿತು.