ಕಾಣದಿದ್ದ ಅದೃಷ್ಟ

ಪ್ರತಿ ವರ್ಷವೂ ಹೊಸ ತರಗತಿಗೆ ಕಾಲಿಟ್ಟ ಮೊದಲ ಒಂದೆರಡು ವಾರಗಳಲ್ಲೇ ಯಾರಾದರೊಬ್ಬ ವಿದ್ಯಾರ್ಥಿ ಎದ್ದುನಿಂತು ಕೇಳುವ ಪ್ರಶ್ನೆಯೊಂದಿದೆ: “ಸಾರ್, ಬರೆಯಬೇಕೆಂಬ ಆಸೆಯೇನೋ ಇದೆ. ಆದರೆ ಸ್ಫೂರ್ತಿ ಬರುವುದಿಲ್ಲ. ಏನು ಮಾಡಬೇಕು?” ಕನ್ನಡ ಎಂ.ಎ. ಓದಿ ಕಾಲೇಜಿನಲ್ಲಿ ಪಾಠ ಹೇಳುವವನ ಬಳಿ ಇಂಥ ಪ್ರಶ್ನೆಗೆ ಉತ್ತರ ಸಿದ್ಧವಾಗಿಯೇ ಇರುತ್ತದೆ. ಕಾವ್ಯಕ್ಕೆ ಹುಟ್ಟಿನಿಂದ ಬಂದ ಪ್ರತಿಭೆ, ನಿರ್ಮಲವಾದ ವಿದ್ವತ್ತು, ಎಡೆಬಿಡದ ಅಭ್ಯಾಸ ಈ ಮೂರೂ ಬೇಕೆಂದು ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಹೇಳಿದ್ದಾನೆ. ಪ್ರತಿಭೆ ಇಲ್ಲದವನೂ ಶ್ರಮಪಟ್ಟು ಸೇವಿಸಿದರೆ ವಾಗ್ದೇವಿ ಅಷ್ಟಿಷ್ಟಾದರೂ ಅನುಗ್ರಹಿಸದೆ ಇರಲಾರಳೆಂದು ಸಮಾಧಾನವನ್ನೂ ನೀಡಿದ್ದಾನೆ. ಇದನ್ನೇ ನಾನು ವಿದ್ಯಾರ್ಥಿಗಳಿಗೆ ಹೇಳಿ ಕೂರಿಸುತ್ತಿದ್ದೆ. ಹೇಳುವವನು ತಾನೇ ಮೂರು ವರ್ಷಗಳಿಂದ ಒಂದು ಕಥೆಯನ್ನೂ ಬರೆದು ಮುಗಿಸಿರಲಿಲ್ಲ ಎಂಬ ಗುಟ್ಟು ಅವರಿಗೇನು ಗೊತ್ತು?

ಇನ್ನೊಂದು ಮಾತನ್ನೂ ನಾನು ತರಗತಿಯಲ್ಲಿ ಹೆಮ್ಮೆಯಿಂದ ಹೇಳುವುದಿತ್ತು. ಅದು ನನ್ನ ಅದೃಷ್ಟದ ಕಥೆ. 2009ರಲ್ಲಿ ನಾನು ಎಂ.ಎ.ಗೆ ಸೇರಬೇಕಾಗಿದ್ದಾಗ ಶುಲ್ಕ ಕಟ್ಟಲು ಮನೆಯಲ್ಲಿ ಹಣವಿರಲಿಲ್ಲ. ಕೊನೆಯ ದಿನ ಹತ್ತಿರವಾಗಿತ್ತು. ಓದು ಇಲ್ಲಿಗೆ ಮುಗಿಯಿತೆಂದು ಕೈಚೆಲ್ಲಿ ಕುಳಿತಿದ್ದಾಗ, ಕರೆಯದೆ, ಹೇಳದೆ, ಸೋದರಮಾವ ಬಾಗಿಲಲ್ಲಿ ಬಂದು ನಿಂತರು. “ಈ ಕಡೆ ಕೆಲಸ ಇತ್ತು. ಅಡಿಕೆಗೆ ಒಳ್ಳೇ ರೇಟು ಸಿಕ್ತು, ಇಟ್ಕೋ” ಎಂದು ಹಣವನ್ನು ನನ್ನ ಅಂಗೈಯಲ್ಲಿಟ್ಟು, ಕಾಫಿಯನ್ನೂ ಪೂರ್ತಿ ಕುಡಿಯದೆ ಹೊರಟುಹೋದರು. “ನೋಡಿ, ಅದೃಷ್ಟವೆಂದರೆ ಹೀಗೆ ಆಕಾಶದಿಂದ ಉದುರುತ್ತದೆ” ಎಂದು ನಾನು ಮಾತು ಮುಗಿಸಿದಾಗ ತರಗತಿಯೇ ನಗುತ್ತಿತ್ತು.

ಸ್ಫೂರ್ತಿಯ ವಿಷಯದಲ್ಲೂ ಅದೃಷ್ಟದ ವಿಷಯದಲ್ಲೂ ನನ್ನ ತಿಳಿವಳಿಕೆ ಎಷ್ಟು ಮೇಲುಮೇಲಿನದೆಂಬುದು ಕಳೆದ ಕಾರ್ತಿಕ ಮಾಸದಲ್ಲಿ, ಒಂದೇ ರಾತ್ರಿಯಲ್ಲಿ, ಕತ್ತಲಗೆರೆಯ ಮಾವನ ಮನೆಯ ಜಗಲಿಯ ಮೇಲೆ ನನಗೆ ಮನವರಿಕೆಯಾಯಿತು.

ಕತ್ತಲಗೆರೆ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಒಂದು ಗ್ರಾಮ. ಭದ್ರಾ ನಾಲೆಯ ನೀರು ಕಂಡ ಸೀಮೆ. ಒಂದು ಕಡೆ ಬತ್ತದ ಗದ್ದೆ, ಇನ್ನೊಂದು ಕಡೆ ಅಡಿಕೆ ತೋಟ. ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ಅಲ್ಲಿದೆ. ಊರಿನ ಹೆಸರಿಗೆ ಏನು ಇತಿಹಾಸವಿದೆಯೋ, ನನ್ನಂಥ ಕನ್ನಡ ಮೇಷ್ಟರ ಕಿವಿಗೆ ಮಾತ್ರ ಅದು ‘ಕತ್ತಲ’ ಮತ್ತು ‘ಕೆರೆ’ ಕೂಡಿ ಕಕಾರಕ್ಕೆ ಗಕಾರ ಬಂದ ಆದೇಶಸಂಧಿಯಾಗಿಯೇ ಕೇಳಿಸುತ್ತದೆ. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಆಕೆಯ ತವರಿಗೆ ಆಕೆಯಿಲ್ಲದೆ ಹೋಗಲು ಮನಸ್ಸು ಬಂದಿರಲಿಲ್ಲ. ಕೊನೆಗೆ ಹೊರಟದ್ದೂ ಒಂದು ಸ್ವಾರ್ಥದಿಂದಲೇ. ಅದೇ ತಾಲ್ಲೂಕಿನ ಸೂಳೆಕೆರೆಯ ದಂಡೆಯಲ್ಲಿ ಕುಳಿತರೆ ಕಥೆಯೊಂದು ಹುಟ್ಟೀತೆಂಬ ಆಸೆಯಿಂದ ಹೊಸ ನೋಟುಬುಕ್ಕೊಂದನ್ನು ಚೀಲಕ್ಕೆ ಹಾಕಿಕೊಂಡಿದ್ದೆ.

ಸೂಳೆಕೆರೆಯನ್ನು ನೋಡಿದವರಿಗೆ ಅದರ ಭವ್ಯತೆಯನ್ನು ಬಣ್ಣಿಸಬೇಕಾಗಿಲ್ಲ. ಗುಡ್ಡಗಳ ನಡುವಿನ ಕಣಿವೆಯಲ್ಲಿ ಹರಿದ್ರಾ ಹಳ್ಳವನ್ನು ತಡೆದು, ಶತಮಾನಗಳ ಹಿಂದೆಯೇ ಕಟ್ಟಿದ ಕೆರೆ ಅದು. ಇಂದು ಶಾಂತಿಸಾಗರವೆಂದೂ ಕರೆಯುತ್ತಾರೆ. ಶಾಂತವ್ವೆಯೆಂಬ ರಾಜಕುಮಾರಿ ಅದನ್ನು ಕಟ್ಟಿಸಿದಳೆಂದು ಐತಿಹ್ಯ. ಇಷ್ಟೆಲ್ಲ ಸಾಮಗ್ರಿ ಕಣ್ಣೆದುರಿಗಿದ್ದರೂ ಅರ್ಧ ದಿನ ದಂಡೆಯ ಮೇಲೆ ಕುಳಿತು ನಾನು ಬರೆದದ್ದು ಅಂದಿನ ತಾರೀಖನ್ನು ಮಾತ್ರ! ಗಾಳಿ ಬೀಸಿತು, ಅಲೆಗಳು ಕಲ್ಲಿಗೆ ತಾಗಿದವು, ಬೆಳ್ಳಕ್ಕಿಗಳು ಹಾರಿದವು. ಯಾವುದೂ ನನ್ನೊಡನೆ ಮಾತನಾಡಲಿಲ್ಲ.

ಸಂಜೆ ಊರಿಗೆ ಮರಳಿದಾಗ ಮಾವನ ಮನೆಯ ಅಂಗಳದಲ್ಲಿ ದೀಪ ಹಾಕಿ ಅಡಿಕೆ ಸುಲಿಯುತ್ತಿದ್ದರು. ಈಗ ಸುಲಿಯುವ ಯಂತ್ರಗಳು ಬಂದಿವೆಯಾದರೂ ಆ ಮನೆಯಲ್ಲಿ ಇನ್ನೂ ಏಳೆಂಟು ಮಂದಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ. ಒಂದು ಕಡೆ ಸಿಪ್ಪೆಯ ಗುಡ್ಡೆ, ಇನ್ನೊಂದು ಕಡೆ ಹಸಿ ಅಡಿಕೆ. ಹಿತ್ತಿಲಲ್ಲಿ ದೊಡ್ಡ ಹಂಡೆಯಲ್ಲಿ ಚೊಗರಿನ ಜೊತೆಗೆ ಬೇಯುತ್ತಿರುವ ಅಡಿಕೆಯ ಒಗರು ವಾಸನೆ.

“ಏನಂತಪ್ಪ ಕೆರೆ?” ಎಂದು ಅತ್ತೆ ಕೇಳಿದರು.

“ಏನೂ ಅನ್ನಲಿಲ್ಲ ಅತ್ತೆ.”

“ಏನನ್ನುತ್ತೆ? ಅದಕ್ಕೆ ನಿನ್ನ ಪರಿಚಯವಾದರೂ ಎಲ್ಲಿದೆ? ಬಾ, ಇಲ್ಲಿ ಕೂತ್ಕೊ. ನನ್ನ ಕನ್ನಡಕದ ಕಾಲು ಮುರಿದಿದೆ. ಲೆಕ್ಕ ಹೇಳ್ತೀನಿ, ನೀನು ಬರಿ.”

ಯಾರು ಎಷ್ಟು ಡಬ್ಬ ಸುಲಿದರೆಂಬ ಲೆಕ್ಕವನ್ನು ಅತ್ತೆ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಮುಗಿಯಿತೆಂದು ಪುಸ್ತಕ ಮುಚ್ಚಹೋದಾಗ, “ಇನ್ನೂ ಇದೆ” ಎಂದರು. ಆ ಪುಟದ ಕೆಳಗೆ ದಿನಕ್ಕೆ ಎರಡು ಮೂರು ಸಾಲು ಬೇರೆ ಬರೆಯುವ ವಾಡಿಕೆಯಂತೆ. ಹಿಂದಿನ ಪುಟಗಳನ್ನು ತಿರುವಿದೆ. ‘ಮೋಡ ಇತ್ತು, ಮಳೆ ಬರಲಿಲ್ಲ.’ ‘ಕೊನೆಮನೆ ಅಜ್ಜಿ ಇವತ್ತು ಮೊದಲ ಸಲ ನಕ್ಕಿತು.’ ‘ಕರು ತಾಯಿಯನ್ನು ಬಿಟ್ಟು ಬೇರೆ ಹಸುವಿನ ಹಿಂದೆ ಹೋಯಿತು, ಏಕೋ ತಿಳಿಯದು.’ ಏಳನೆಯ ತರಗತಿಗೆ ಶಾಲೆ ಬಿಟ್ಟ ಅತ್ತೆ ಮದುವೆಯಾಗಿ ಬಂದಂದಿನಿಂದ ಹೀಗೆ ಬರೆಯುತ್ತಲೇ ಇದ್ದರು. ಹಳೆಯ ಪುಸ್ತಕಗಳು ಟ್ರಂಕಿನಲ್ಲಿದ್ದವು. ಕುತೂಹಲದಿಂದ ನಾನು 2009ರ ಪುಸ್ತಕವನ್ನು ಹುಡುಕಿ ತೆಗೆದೆ. ಮಾವ ನನಗೆ ಹಣ ತಂದುಕೊಟ್ಟ ಆ ಜುಲೈ ತಿಂಗಳಲ್ಲಿ ಅಡಿಕೆಯ ಧಾರಣೆ ಎಷ್ಟಿತ್ತೆಂದು ನೋಡುವುದಷ್ಟೇ ನನ್ನ ಉದ್ದೇಶವಾಗಿತ್ತು.

ಧಾರಣೆ ಸಿಗಲಿಲ್ಲ. ಸಿಕ್ಕಿದ್ದು ಈ ಸಾಲುಗಳು:

‘ಮಳೆ ಹಿಡಿದಿದೆ. ನಾದಿನಿ ಬಂದಿದ್ದಳು. ಊಟ ಸೇರಲಿಲ್ಲ. ನೀರು ಕೊಟ್ಟೆ. ಎರಡು ಸಲ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು. ಸಂಜೆ ಬಸ್ಸಿಗೆ ಹೋದಳು. ಕೈಯಲ್ಲಿ ಚಿನ್ನದ ಬಳೆ ಇರಲಿಲ್ಲ.’

ಮರುದಿನದ ಪುಟದಲ್ಲಿ: ‘ಇವರಿಗೆ ಹೇಳಿದೆ. ಹುಡುಗನ ಓದಿಗೆ ಇರಬಹುದು. ಅಟ್ಟದ ಮೇಲಿದ್ದ ಒಂದು ಮೂಟೆ ಮಾರಲು ಒಪ್ಪಿದರು. ಕೇಳಿದಳೆಂದು ಅನ್ನಬಾರದು, ಕೇಳಲಿಲ್ಲವಲ್ಲ.’

ಎಷ್ಟು ಹೊತ್ತು ಆ ಪುಟವನ್ನು ನೋಡುತ್ತ ಕುಳಿತಿದ್ದೆನೋ ತಿಳಿಯದು. ಅಮ್ಮ ಆ ಮಳೆಯಲ್ಲಿ ತವರಿಗೆ ಹೋಗಿಬಂದದ್ದು ನನಗೆ ಗೊತ್ತಿರಲಿಲ್ಲ. ಬಳೆ ಅಡವಿಟ್ಟದ್ದು ಗೊತ್ತಿರಲಿಲ್ಲ. ಮುಂದೆ ಎಂದಾದರೂ ಬಿಡಿಸಿಕೊಂಡಳೇ ಎಂಬುದೂ ಗೊತ್ತಿಲ್ಲ. ಒಂದೇ ಸೂರಿನಡಿ ಇದ್ದ ಮಗ ತಾಯಿಯ ಬರಿಗೈಯನ್ನು ನೋಡಲಿಲ್ಲ. ನೋಡದವನು ಕಾಲೇಜಿನಲ್ಲಿ ನಿಂತು ಅದೃಷ್ಟದ ಕಥೆ ಹೇಳಿ ನಗಿಸುತ್ತಿದ್ದ.

“ಅತ್ತೆ, ಇದು ನಿಮಗೆ ಹೇಗೆ ಗೊತ್ತಾಯಿತು?” ಎಂದು ಕೇಳಿದೆ.

ಅತ್ತೆ ಕೈಯಲ್ಲಿದ್ದ ಅಡಿಕೆಯನ್ನು ಸುಲಿದು ಬುಟ್ಟಿಗೆ ಹಾಕಿ ಹೇಳಿದರು: “ಹಗಲೆಲ್ಲ ಎದುರಿಗೇ ಕೂತಿದ್ಲಪ್ಪ, ನನಗೂ ಕಾಣಲಿಲ್ಲ. ರಾತ್ರಿ ‘ನೀರು ಕೊಟ್ಟೆ’ ಅಂತ ಬರೆಯುವಾಗ ಲೋಟ ಹಿಡಿದ ಕೈ ಕಣ್ಣಿಗೆ ಕಟ್ಟಿತು. ಆವಾಗ ಹೊಳೀತು.”

ಹೊಳೆಯುವುದೆಂದರೆ ಸ್ಫುರಿಸುವುದು. ಸ್ಫೂರ್ತಿ ಎಂಬ ಸಂಸ್ಕೃತ ಶಬ್ದಕ್ಕೆ ನಮ್ಮ ಮನೆಯ ಮಾತಿನಲ್ಲಿರುವ ಕ್ರಿಯಾಪದ ಅದೇ. ಸ್ಫೂರ್ತಿ ಬಂದ ಮೇಲೆ ಬರೆಯಬೇಕೆಂದು ನಾನು ಮೂರು ವರ್ಷ ಕಾದಿದ್ದೆ. ಅತ್ತೆಗೆ ಬರೆದದ್ದರಿಂದಲೇ ಹೊಳೆದಿತ್ತು. ಅಂತೆಯೇ ಅದೃಷ್ಟವೆಂಬ ಶಬ್ದಕ್ಕೆ ಅರ್ಥ ‘ಕಾಣದ್ದು’ ಎಂದಷ್ಟೇ. ಆಕಾಶದಿಂದ ಉದುರಿದ್ದೆಂದು ನಾವು ತಿಳಿದಿರುವ ಎಷ್ಟೋ ಭಾಗ್ಯಗಳ ಹಿಂದೆ ನಮಗೆ ಕಾಣದಂತೆ ನಮ್ಮನ್ನು ಕಂಡ ಯಾವುದೋ ಕಣ್ಣು ಇರುತ್ತದೆ.

ಇದು ನನ್ನ ಮನೆಯೊಂದರ ಮಾತಲ್ಲ. ಬಯಸದೆ ಬರುವ ಭಾಗ್ಯಕ್ಕೆ ಇಂಗ್ಲಿಷಿನಲ್ಲಿ ‘ಸೆರೆಂಡಿಪಿಟಿ’ ಎಂಬ ಶಬ್ದವನ್ನು 1754ರಲ್ಲಿ ಟಂಕಿಸಿದವನು ಹೊರೇಸ್ ವಾಲ್ಪೋಲ್. ಸೆರೆಂಡಿಪ್, ಅಂದರೆ ಸಿಂಹಳದ ಮೂವರು ರಾಜಕುಮಾರರ ಕಥೆಯಿಂದ ಅವನಿಗೆ ಆ ಶಬ್ದ ದೊರೆಯಿತು. ಆ ರಾಜಕುಮಾರರಿಗೆ ಹುಡುಕದ ವಸ್ತುಗಳು ದೊರೆತದ್ದು ಆಕಸ್ಮಿಕದಿಂದ ಮಾತ್ರವಲ್ಲ, ಜಾಣ ನೋಟದಿಂದಲೂ ಎಂದು ಅವನು ಒತ್ತಿ ಹೇಳಿದ್ದಾನೆ. ಲೂಯಿ ಪಾಶ್ಚರ್ 1854ರಲ್ಲಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಹೇಳಿದ ಪ್ರಸಿದ್ಧ ಮಾತಿನ ಸಾರವೂ ಇದೇ: ಆಕಸ್ಮಿಕವು ಒಲಿಯುವುದು ಸಿದ್ಧವಾಗಿರುವ ಮನಸ್ಸಿಗೆ.

ನಮ್ಮ ಸಾಹಿತ್ಯದಲ್ಲೇ ಇದಕ್ಕೆ ನಿದರ್ಶನಗಳು ಕಡಿಮೆಯೇ? ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಉತ್ತರ ಕರ್ನಾಟಕದ ಮನೆಮನೆಯಲ್ಲಿ ಎಲ್ಲರೂ ಕೇಳಿಯೇ ಇದ್ದರು. ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಅವನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಗಿ ಬಂತು. 1924ರಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದ ಕುವೆಂಪು ತಮ್ಮ ಇಂಗ್ಲಿಷ್ ಕವನಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತೋರಿಸಲು ಹೋದರು. ಮೆಚ್ಚುಗೆಯನ್ನು ನಿರೀಕ್ಷಿಸಿದವರಿಗೆ ದೊರೆತದ್ದು ತಾಯ್ನುಡಿಯಲ್ಲಿ ಬರೆಯಬೇಕೆಂಬ ಬುದ್ಧಿವಾದ. ಆ ಮಾತು ಮೊದಲು ಅವರಿಗೆ ರುಚಿಸಲಿಲ್ಲ. ಆದರೂ ಅದನ್ನು ಕಿವಿಯಿಂದ ಜಾರಿಸಿಬಿಡಲಿಲ್ಲ, ಕನ್ನಡದಲ್ಲಿ ಬರೆದು ನೋಡಿದರು. ಬರೆದು ನೋಡಿದ್ದರಿಂದ ನಮಗೆ ಏನು ಲಭಿಸಿತೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ.

ಅಡಿಕೆಯ ಅಂಗಳದಲ್ಲಿ ಕುಳಿತಿದ್ದರಿಂದಲೋ ಏನೋ, ಅಂದು ರಾತ್ರಿ ನನಗೆ ಬಹಳವಾಗಿ ನೆನಪಾದವಳು ಸಂಚಿಯ ಹೊನ್ನಮ್ಮ. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವುದು ಅವಳ ಊಳಿಗ. ಆ ಕೆಲಸದಲ್ಲಿ ನಿಂತೇ ಅವಳು ಹೆಣ್ಣಿನ ಬಾಳನ್ನು ನೋಡಿದಳು, ‘ಹದಿಬದೆಯ ಧರ್ಮ’ವನ್ನು ಬರೆದಳು. ಇಂಥ ತೋಟದಲ್ಲಿ ಬೆಳೆದು, ಇಂಥ ಕೈಗಳಲ್ಲಿ ಸುಲಿಸಿಕೊಂಡ ಅಡಿಕೆಯೇ ಅಲ್ಲವೇ ಅವಳ ಸಂಚಿಯಲ್ಲೂ ಇದ್ದದ್ದು?

ಹಿತ್ತಿಲಲ್ಲಿ ಹಂಡೆ ಇಳಿಸುತ್ತಿದ್ದ ಮಾವನ ಬಳಿಗೆ ಹೋದೆ. ಸುಲಿದಾಗ ಬಿಳಿಚಿಕೊಂಡಿದ್ದ ಅಡಿಕೆ ಕೆಂಪಡರಿತ್ತು. ಆ ಬಣ್ಣ ಕೊಡುವುದು ಚೊಗರು. ಹಿಂದೆ ಬೇಯಿಸಿದ ಅಡಿಕೆಗಳ ಸಾರ ಇಳಿದು ಗಟ್ಟಿಯಾದ ನೀರು ಅದು. ಅದನ್ನು ಚೆಲ್ಲದೆ ಮುಂದಿನ ಬೇಯುವಿಕೆಗೆ ಇಟ್ಟುಕೊಳ್ಳುತ್ತಾರೆ. ಹಣದ ವಿಷಯ ಎತ್ತಬೇಕೆಂದುಕೊಂಡೆ. ಅವರು ನನ್ನ ಮುಖ ನೋಡಿ, “ಪುಸ್ತಕ ಓದಿದೆಯೇನು?” ಎಂದರು. ತಲೆಯಾಡಿಸಿದೆ. “ಅವಳು ಎಲ್ಲಾ ಬರೀತಾಳೆ” ಎಂದು ಹೇಳಿ ಜರಡಿಯನ್ನು ನನ್ನ ಕೈಗೆ ಕೊಟ್ಟರು. ನಾವಿಬ್ಬರೂ ಅಡಿಕೆ ಸೋಸಿದೆವು. ಆ ಮಾತು ಅಲ್ಲಿಗೇ ನಿಂತಿತು.

ಮಲಗುವ ಮುನ್ನ ಅತ್ತೆ ಅಂದಿನ ಸಾಲುಗಳನ್ನು ಬರೆಸಿದರು: ‘ಅಳಿಯ ಬಂದಿದ್ದಾನೆ. ಕೆರೆ ನೋಡಿ ಬಂದ. ತಾಯಿಯ ಹಾಗೇ ಊಟ ಬಿಟ್ಟ.’ ನಾನು ಬರೆದುಕೊಟ್ಟೆ. ಆಮೇಲೆ ನನ್ನ ಹೊಸ ನೋಟುಬುಕ್ಕನ್ನು ತೆರೆದು, ತಾರೀಖಿನ ಕೆಳಗೆ ಅಮ್ಮನ ಕೈಯ ವಿಷಯವಾಗಿ ಬರೆಯಲು ತೊಡಗಿದೆ. ನೆನಪಿಗೆ ಬಂದದ್ದು ಬಹಳ ಕಡಿಮೆ: ರೊಟ್ಟಿ ತಟ್ಟುವಾಗ ಬಳೆಗಳನ್ನು ಮೇಲಕ್ಕೆ ಸರಿಸಿಕೊಳ್ಳುತ್ತಿದ್ದ ರೀತಿ, ಎಡಗೈಯ ಹೆಬ್ಬೆರಳಿನ ಮೇಲಿದ್ದ ಸುಟ್ಟ ಕಲೆ. ಆದರೆ ಒಂದು ಸಾಲು ಬರೆದಂತೆ ಇನ್ನೊಂದು ಕಾಣುತ್ತ ಬಂತು.

ಈ ವರ್ಷವೂ ವಿದ್ಯಾರ್ಥಿಯೊಬ್ಬ ಎದ್ದುನಿಂತು ಆ ಪ್ರಶ್ನೆಯನ್ನು ಕೇಳಿದ. ದಂಡಿಯ ಮಾತನ್ನು ನಾನು ಈಗಲೂ ಹೇಳುತ್ತೇನೆ, ಅದರಲ್ಲಿ ತಪ್ಪೇನೂ ಇಲ್ಲ. ಅದಕ್ಕೆ ಮೊದಲು, “ಇಂದು ಮನೆಗೆ ಹೋಗಿ, ಬೆಳಗ್ಗೆ ನಿನಗೆ ತಿಂಡಿ ಕೊಟ್ಟವರ ಬಗ್ಗೆ ಮೂರು ಸಾಲು ಬರೆದುಕೊಂಡು ಬಾ” ಎಂದೆ. ಅವನು ಮರುದಿನ ಬಂದು ಒಂದೂವರೆ ಸಾಲು ತೋರಿಸಿದ. ಉಳಿದ ಒಂದೂವರೆ ಸಾಲಿಗೆ ಮತ್ತೊಮ್ಮೆ ಸರಿಯಾಗಿ ನೋಡಿಕೊಂಡು ಬರುತ್ತೇನೆಂದು ಹೇಳಿಹೋದ.