ಜ್ಯೇಷ್ಠತೆಯ ವಿಚಾರ: ಬಡ್ತಿಯಲ್ಲಿ ಮೀಸಲು ಮತ್ತು ನ್ಯಾಯ

೧

ಸಂಸ್ಕೃತ ವ್ಯಾಕರಣದಲ್ಲಿ ‘ಜ್ಯೇಷ್ಠ’ ಶಬ್ದದ ನಿಷ್ಪತ್ತಿಯು ಗಮನಿಸತಕ್ಕದ್ದಾಗಿದೆ. ಪಾಣಿನಿಯ ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, ‘ಇಷ್ಠ’ ಮೊದಲಾದ ಪ್ರತ್ಯಯಗಳು ಪರವಾದಾಗ, ಶ್ಲಾಘ್ಯನೆಂಬ ಅರ್ಥದ ‘ಪ್ರಶಸ್ಯ’ ಶಬ್ದಕ್ಕೆ ‘ಜ್ಯ’ ಎಂಬ ಆದೇಶವು ವಿಹಿತವಾಗಿದೆ. ಅದರ ಮುಂದಿನ ಸೂತ್ರದಲ್ಲಿಯೇ ‘ವೃದ್ಧ’ ಶಬ್ದಕ್ಕೂ ಅದೇ ಆದೇಶವು ಹೇಳಲ್ಪಟ್ಟಿದೆ. ಆದುದರಿಂದ ‘ಜ್ಯೇಷ್ಠ’ನೆಂದರೆ ಅತ್ಯಂತ ಶ್ಲಾಘ್ಯನೂ ಹೌದು, ಅತ್ಯಂತ ವೃದ್ಧನೂ ಹೌದು. ಕನ್ನಡದ ‘ಹಿರಿಯ’ ಎಂಬ ಮಾತಿನಲ್ಲಿಯೂ ಇದೇ ಬೆರಕೆಯುಂಟು: ‘ಹಿರಿದು’ ಎಂದರೆ ದೊಡ್ಡದು, ‘ಹಿರಿಯ’ನೆಂದರೆ ಮೊದಲು ಹುಟ್ಟಿದವನು ಮತ್ತು ದೊಡ್ಡವನು. ಮೊದಲು ಬಂದವನೇ ಮೇಲಾದವನೆಂಬ ಭಾವನೆಯು ನಮ್ಮ ನುಡಿಯೊಳಗೆ ಇಷ್ಟು ಆಳವಾಗಿ ಬೇರೂರಿರುವುದರಿಂದ, ಆ ಎರಡು ಅರ್ಥಗಳನ್ನು ಬೇರ್ಪಡಿಸಿ ನೋಡುವುದು ಸುಲಭವಲ್ಲ.

ಸರ್ಕಾರದ ಸೇವಾ ನಿಯಮಗಳಲ್ಲಿ ‘ಜ್ಯೇಷ್ಠತೆ’ ಎಂಬ ಪಾರಿಭಾಷಿಕ ಶಬ್ದಕ್ಕೆ ಮೇಲಿನ ಎರಡು ಅರ್ಥಗಳಲ್ಲಿ ಯಾವುದೂ ಇಲ್ಲ. ಅಲ್ಲಿ ಅದು ವಯಸ್ಸೂ ಅಲ್ಲ, ಗುಣಾಧಿಕ್ಯವೂ ಅಲ್ಲ. ಒಂದು ವೃಂದದ ನೌಕರರ ಪಟ್ಟಿಯಲ್ಲಿ ಒಬ್ಬನ ಹೆಸರಿಗೆ ದೊರೆಯುವ ಸ್ಥಾನ, ಅಷ್ಟೆ. ಆದರೂ ಆ ಸ್ಥಾನವನ್ನು ನಿರ್ಣಯಿಸುವ ನಿಯಮವು ಯಾವುದಾಗಿರಬೇಕೆಂಬ ಪ್ರಶ್ನೆಯು ಕರ್ಣಾಟಕದ ನೌಕರವರ್ಗವನ್ನು ಹಲವು ದಶಕಗಳ ಕಾಲ ಕಾಡಿದೆ. ಸುಪ್ರೀಂ ಕೋರ್ಟಿನ ಮುಂದೆ ಮತ್ತೆ ಮತ್ತೆ ವಿಚಾರಣೆಗೆ ಬಂದಿದೆ. ರಾಜ್ಯಾಂಗಕ್ಕೆ ತಿದ್ದುಪಡಿಗಳನ್ನೂ ತಂದಿದೆ. ಈ ವಿವಾದದ ಸ್ವರೂಪವನ್ನು ತಿಳಿಯಬೇಕಾದರೆ ಮೊದಲು ಅದರ ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬೇಕು.

೨

ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ೧೯೧೮ರಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಸಂಸ್ಥಾನದ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರರು ಅದರ ಅಧ್ಯಕ್ಷರು. ಸರ್ಕಾರದ ಹುದ್ದೆಗಳಲ್ಲಿ ಬ್ರಾಹ್ಮಣೇತರ ಸಮುದಾಯಗಳಿಗೆ ತಕ್ಕ ಪ್ರಾತಿನಿಧ್ಯವು ದೊರೆಯುವಂತೆ ಏನು ಮಾಡಬೇಕೆಂಬುದನ್ನು ಸೂಚಿಸುವುದು ಆ ಸಮಿತಿಯ ಕೆಲಸವಾಗಿದ್ದಿತು. ಆ ಕಾಲದ ದಿವಾನರಾದ ಸರ್ ಎಂ. ವಿಶ್ವೇಶ್ವರಯ್ಯನವರು, ನೇಮಕಗಳಲ್ಲಿ ಜಾತಿಯನ್ನು ಲೆಕ್ಕಕ್ಕೆ ತಂದರೆ ಆಡಳಿತದ ದಕ್ಷತೆಯು ಕುಂದುವುದೆಂದು ಭಾವಿಸಿದವರು. ಸಮಿತಿಯು ೧೯೧೯ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆಯೂ ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಭಾಗಕ್ಕೆ ಕಡಮೆಯಿಲ್ಲದಂತೆಯೂ ಬ್ರಾಹ್ಮಣೇತರರು ಇರಬೇಕೆಂದೂ, ಅರ್ಹರು ದೊರೆತಾಗ ದಲಿತ ವರ್ಗದವರಿಗೆ ಪ್ರಾಶಸ್ತ್ಯವಿರಬೇಕೆಂದೂ ಅದು ಸೂಚಿಸಿತು.

ಈ ವರದಿಯಲ್ಲಿ ಇಂದಿಗೂ ಸ್ಮರಣೀಯವಾದುದು ಅಂಕೆಗಳಿಗಿಂತ ಹೆಚ್ಚಾಗಿ ಒಂದು ವಿಚಾರ. ದಕ್ಷತೆಯೆಂಬುದನ್ನು ಕೇವಲ ಪರೀಕ್ಷೆಯ ವಿದ್ಯಾರ್ಹತೆಯಿಂದ ಅಳೆಯಲಾಗದು; ಆಡಳಿತದ ಎಷ್ಟೋ ಶಾಖೆಗಳಲ್ಲಿ ಸಹಾನುಭೂತಿ, ಪ್ರಾಮಾಣಿಕತೆ, ಉತ್ಸಾಹ, ಲೋಕಜ್ಞಾನ ಇವುಗಳೂ ಪಾಂಡಿತ್ಯದಷ್ಟೇ ಬೇಕಾದುವು ಎಂಬುದು ಅದರ ಅಭಿಪ್ರಾಯ. ದಕ್ಷತೆಗೂ ಪ್ರಾತಿನಿಧ್ಯಕ್ಕೂ ಸಹಜವೈರವುಂಟೆಂಬ ವಾದ, ಇಲ್ಲವೆಂಬ ಪ್ರತಿವಾದ, ಇವೆರಡೂ ಹೀಗೆ ನೂರು ವರ್ಷಕ್ಕೂ ಹಿಂದೆಯೇ ಈ ನೆಲದಲ್ಲಿ ಮುಖಾಮುಖಿಯಾದುವು.

೩

ಭಾರತದ ರಾಜ್ಯಾಂಗವು ೧೯೫೦ರಲ್ಲಿ ಜಾರಿಗೆ ಬಂದಾಗ ಈ ಎರಡು ವಾದಗಳಿಗೂ ಅದರಲ್ಲಿ ಸ್ಥಳ ದೊರೆಯಿತು. ಹದಿನಾರನೆಯ ಅನುಚ್ಛೇದದ ಮೊದಲನೆಯ ಖಂಡವು ಸರ್ಕಾರದ ಉದ್ಯೋಗದಲ್ಲಿ ಎಲ್ಲ ನಾಗರಿಕರಿಗೂ ಸಮಾನಾವಕಾಶವನ್ನು ಕೊಡುತ್ತದೆ. ನಾಲ್ಕನೆಯ ಖಂಡವು ಸಾಕಷ್ಟು ಪ್ರಾತಿನಿಧ್ಯವಿಲ್ಲದ ಹಿಂದುಳಿದ ವರ್ಗಗಳಿಗೆ ಹುದ್ದೆಗಳನ್ನು ಮೀಸಲಿಡಲು ಅವಕಾಶವೀಯುತ್ತದೆ. ೩೩೫ನೆಯ ಅನುಚ್ಛೇದವು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಹಕ್ಕನ್ನು ಆಡಳಿತದ ದಕ್ಷತೆಗೆ ಹೊಂದುವಂತೆ ಗಮನಿಸಬೇಕೆನ್ನುತ್ತದೆ.

ಮೀಸಲೆಂಬುದು ಮೊದಲ ನೇಮಕಕ್ಕೆ ಮಾತ್ರವೇ, ಬಡ್ತಿಗೂ ಉಂಟೇ ಎಂಬುದು ಅನಂತರದ ಪ್ರಶ್ನೆ. ದಕ್ಷಿಣ ರೈಲ್ವೆಗೆ ಸಂಬಂಧಪಟ್ಟ ರಂಗಾಚಾರಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೯೬೧ರಲ್ಲಿ, ಐವರಲ್ಲಿ ಮೂವರ ಬಹುಮತದಿಂದ, ಬಡ್ತಿಗೂ ಉಂಟೆಂದು ತೀರ್ಮಾನಿಸಿತು. ಕರ್ಣಾಟಕ ಸರ್ಕಾರವು ೧೯೭೮ರ ಏಪ್ರಿಲ್ ೨೭ರಂದು ಆಜ್ಞೆ ಹೊರಡಿಸಿ, ಮೊದಲನೆಯ ದರ್ಜೆಯ ಅತ್ಯಂತ ಕೆಳಗಿನ ಮೆಟ್ಟಿಲಿನವರೆಗೆ, ಬಡ್ತಿಯಲ್ಲಿ ಪರಿಶಿಷ್ಟ ಜಾತಿಗಳಿಗೆ ನೂರಕ್ಕೆ ೧೫ರಂತೆಯೂ ಪರಿಶಿಷ್ಟ ಪಂಗಡಗಳಿಗೆ ನೂರಕ್ಕೆ ೩ರಂತೆಯೂ ಸ್ಥಾನಗಳನ್ನು ಮೀಸಲಿಟ್ಟಿತು. ಇದಕ್ಕಾಗಿ ೩೩ ಸ್ಥಾನಗಳ ಸರದಿಪಟ್ಟಿಯೊಂದು ಏರ್ಪಟ್ಟಿತು.

೧೯೯೨ರ ನವೆಂಬರ್ ೧೬ರಂದು ಇಂದ್ರಾ ಸಾಹ್ನಿ ಮೊಕದ್ದಮೆಯಲ್ಲಿ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ಬಡ್ತಿಯಲ್ಲಿ ಮೀಸಲು ಸಲ್ಲದೆಂದಿತು; ಆದರೆ ಆಗ ನಡೆಯುತ್ತಿದ್ದ ಏರ್ಪಾಡು ಇನ್ನೈದು ವರ್ಷ ಮುಂದುವರಿಯಬಹುದೆಂದಿತು. ಆ ಗಡುವು ಮುಗಿಯುವುದಕ್ಕೆ ಮೊದಲೇ, ೧೯೯೫ರಲ್ಲಿ, ಪಾರ್ಲಿಮೆಂಟು ೭೭ನೆಯ ತಿದ್ದುಪಡಿಯಿಂದ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮಟ್ಟಿಗೆ ಆ ಅಧಿಕಾರವನ್ನು ಮರಳಿ ತಂದಿತು. ಹೀಗೆ ಬಡ್ತಿಯ ಪ್ರಶ್ನೆಯು ಇತ್ಯರ್ಥವಾಯಿತೆನ್ನುವಷ್ಟರಲ್ಲಿ ಜ್ಯೇಷ್ಠತೆಯ ಪ್ರಶ್ನೆಯು ತಲೆಯೆತ್ತಿತು.

೪

ಈ ಪ್ರಶ್ನೆಯು ಎಂತಹುದೆಂಬುದನ್ನು ಒಂದು ಕಲ್ಪಿತ ದೃಷ್ಟಾಂತದಿಂದ ತಿಳಿಯಬಹುದು. ಸಹಾಯಕ ಎಂಜಿನಿಯರರ ಪಟ್ಟಿಯೊಂದರಲ್ಲಿ ‘ಅ’ ಎಂಬವನು ೨೦ನೆಯವನು, ಸಾಮಾನ್ಯ ವರ್ಗದವನು. ‘ಕ’ ಎಂಬವನು ೪೦ನೆಯವನು, ಪರಿಶಿಷ್ಟ ಜಾತಿಯವನು. ಮೇಲಿನ ವೃಂದದಲ್ಲಿ ಕೆಲವು ಸ್ಥಾನಗಳು ತೆರವಾದಾಗ ಸರದಿಪಟ್ಟಿಯ ಮೀಸಲು ಸ್ಥಾನವೊಂದು ‘ಕ’ನ ಪಾಲಿಗೆ ಬರುತ್ತದೆ, ಅವನು ಮೇಲೇರುತ್ತಾನೆ. ‘ಅ’ನ ಸರದಿಯು ಮೂರು ವರ್ಷಗಳ ಅನಂತರ ಬರುತ್ತದೆ. ಆಗ ಮೇಲಿನ ವೃಂದದ ಪಟ್ಟಿಯಲ್ಲಿ ಯಾರ ಹೆಸರು ಮೊದಲಿರಬೇಕು?

ಇದಕ್ಕೆ ಎರಡು ಉತ್ತರಗಳುಂಟು. ‘ಕ’ನು ಆ ಹುದ್ದೆಯಲ್ಲಿ ಮೂರು ವರ್ಷ ಮೊದಲಿನಿಂದ ಕೆಲಸ ಮಾಡಿರುವುದರಿಂದ ಅವನೇ ಜ್ಯೇಷ್ಠನೆಂಬುದು ಒಂದು. ಇದಕ್ಕೆ ತತ್ಪರಿಣಾಮ ಜ್ಯೇಷ್ಠತೆಯೆಂದು ಹೆಸರು. ‘ಕ’ನು ಇನ್ನೂ ಮೇಲಕ್ಕೆ ಏರುವುದರೊಳಗಾಗಿ ‘ಅ’ನು ಬಂದು ಸೇರಿದರೆ, ಕೆಳಗಿನ ಪಟ್ಟಿಯ ಹಳೆಯ ಕ್ರಮವೇ ಮರಳಿ ಬರಬೇಕೆಂಬುದು ಇನ್ನೊಂದು. ಇದನ್ನು ಮರುಹಿಡಿತದ ನಿಯಮವೆನ್ನಬಹುದು.

ನೋಡುವುದಕ್ಕೆ ಇದು ಲೆಕ್ಕಪತ್ರದ ಸಣ್ಣ ವಿಷಯವೆಂದು ತೋರೀತು. ಆದರೆ ಮೀಸಲೇ ಇಲ್ಲದ ಮೂರನೆಯ ಮೆಟ್ಟಿಲಿಗೆ ಹೋಗತಕ್ಕವರನ್ನು ಎರಡನೆಯ ಮೆಟ್ಟಿಲಿನ ಪಟ್ಟಿಯಿಂದಲೇ ಆರಿಸುವಾಗ, ಆ ಪಟ್ಟಿಯಲ್ಲಿ ಮೇಲಿರುವವನೇ ಮುಂದೆ ಹೋಗುತ್ತಾನೆ. ಮೊದಲನೆಯ ನಿಯಮವನ್ನು ಹಿಡಿದರೆ, ಮೀಸಲಿನ ಫಲವು ಮೀಸಲಿನ ಎಲ್ಲೆಯನ್ನು ದಾಟಿ ಮುಂದುವರಿಯುತ್ತದೆ. ‘ಅ’ನು ಸೇವೆಯ ಕೊನೆಯವರೆಗೂ ‘ಕ’ನ ಹಿಂದೆಯೇ ಉಳಿಯಬಹುದು. ಎರಡನೆಯದನ್ನು ಹಿಡಿದರೆ, ‘ಕ’ನಿಗೆ ಕೊಟ್ಟ ಮೆಟ್ಟಿಲು ಮುಂದಕ್ಕೆ ಒಯ್ಯದ ಮೆಟ್ಟಿಲಾಗುತ್ತದೆ, ಉಳಿದ ನೌಕರರಿಗೆಲ್ಲ ಹುದ್ದೆಯಲ್ಲಿ ದುಡಿದ ಕಾಲವು ಲೆಕ್ಕಕ್ಕೆ ಬರುವಲ್ಲಿ ಅವನೊಬ್ಬನಿಗೆ ಮಾತ್ರ ಬರುವುದಿಲ್ಲ. ಎರಡು ಕಡೆಯ ದೂರಿನಲ್ಲಿಯೂ ಸತ್ಯಾಂಶವಿದೆಯೆಂಬುದೇ ಈ ವಿವಾದದ ಕಷ್ಟ.

೫

ನ್ಯಾಯಾಲಯಗಳು ಮೊದಲು ಎರಡನೆಯ ಉತ್ತರವನ್ನು ಹಿಡಿದುವು. ೧೯೯೫ರ ವೀರಪಾಲ್ ಸಿಂಗ್ ಚೌಹಾಣ್ ಮೊಕದ್ದಮೆಯಲ್ಲಿಯೂ ೧೯೯೯ರ ಎರಡನೆಯ ಅಜಿತ್ ಸಿಂಗ್ ತೀರ್ಪಿನಲ್ಲಿಯೂ ಮರುಹಿಡಿತದ ನಿಯಮವು ಸ್ಥಾಪಿತವಾಯಿತು; ೨೦೦೦ದಲ್ಲಿ ಬಡಪ್ಪನವರ ಮೊಕದ್ದಮೆಯಲ್ಲಿ ಅದು ಕರ್ಣಾಟಕಕ್ಕೂ ಅನ್ವಯವಾಯಿತು. ಇದನ್ನು ಮೀರುವುದಕ್ಕಾಗಿ ಪಾರ್ಲಿಮೆಂಟು ೨೦೦೧ನೆಯ ಇಸವಿಯ ೮೫ನೆಯ ತಿದ್ದುಪಡಿಯಿಂದ, ೧೯೯೫ರ ಜೂನ್ ೧೭ಕ್ಕೆ ಪೂರ್ವಾನ್ವಯವಾಗುವಂತೆ, ತತ್ಪರಿಣಾಮ ಜ್ಯೇಷ್ಠತೆಯನ್ನು ರಾಜ್ಯಾಂಗದಲ್ಲಿ ಸೇರಿಸಿತು. ಕರ್ಣಾಟಕದ ಶಾಸನಸಭೆಯು ೨೦೦೨ರಲ್ಲಿ ಅದಕ್ಕನುಸಾರವಾದ ಕಾಯಿದೆಯನ್ನು ಮಾಡಿತು.

೨೦೦೬ರ ಅಕ್ಟೋಬರ್ ೧೯ರಂದು ನಾಗರಾಜ ಮೊಕದ್ದಮೆಯಲ್ಲಿ ಐವರ ಪೀಠವು ಈ ತಿದ್ದುಪಡಿಗಳನ್ನು ಎತ್ತಿಹಿಡಿಯಿತಾದರೂ ಷರತ್ತುಗಳನ್ನು ಹಾಕಿತು. ವರ್ಗದ ಹಿಂದುಳಿದಿರುವಿಕೆ, ಪ್ರಾತಿನಿಧ್ಯದ ಕೊರತೆ, ಇವುಗಳನ್ನು ಸರ್ಕಾರವು ಅಂಕಿಅಂಶಗಳಿಂದ ತೋರಿಸಬೇಕು. ಆಡಳಿತದ ದಕ್ಷತೆಯನ್ನೂ ಗಮನಿಸಿರಬೇಕು. ಇಂತಹ ಅಂಕಿಅಂಶಗಳಿಲ್ಲವೆಂಬ ಕಾರಣದಿಂದ ೨೦೧೭ರ ಫೆಬ್ರವರಿ ೯ರಂದು ಬಿ. ಕೆ. ಪವಿತ್ರಾ ಮೊಕದ್ದಮೆಯಲ್ಲಿ ಕರ್ಣಾಟಕದ ಕಾಯಿದೆಯ ಮುಖ್ಯ ಪ್ರಕರಣಗಳು ರದ್ದಾದುವು. ಮೂರು ತಿಂಗಳೊಳಗೆ ಜ್ಯೇಷ್ಠತಾ ಪಟ್ಟಿಗಳನ್ನು ಪರಿಷ್ಕರಿಸಬೇಕೆಂದೂ ಮತ್ತೆ ಮೂರು ತಿಂಗಳೊಳಗೆ ಅದರ ಪರಿಣಾಮವಾದ ಕ್ರಮಗಳನ್ನು ಕೈಗೊಳ್ಳಬೇಕೆಂದೂ ಆಜ್ಞೆಯಾಯಿತು. ‘ಹಿಂಬಡ್ತಿ’ ಎಂಬ ಶಬ್ದವು ವೃತ್ತಪತ್ರಿಕೆಗಳಲ್ಲಿ ಬಳಕೆಯಾದುದು ಆಗಲೇ. ಒಂದು ಕಡೆ, ನಿಯಮವನ್ನು ನಂಬಿ ಮೇಲಿನ ಹುದ್ದೆಯಲ್ಲಿ ದುಡಿಯುತ್ತಿದ್ದವರಿಗೆ ಕೆಳಗಿಳಿಯುವ ಭಯ. ಇನ್ನೊಂದು ಕಡೆ, ಬಹುಕಾಲ ಕಾದಿದ್ದವರಿಗೆ ತಡವಾಗಿ ದೊರೆತ ಆಸೆ.

ಅನಂತರ ಸರ್ಕಾರವು ಶ್ರೀಮತಿ ಕೆ. ರತ್ನಪ್ರಭಾ ಅವರಿಗೆ ಅಂಕಿಅಂಶಗಳನ್ನು ಸಂಗ್ರಹಿಸುವ ಕಾರ್ಯವನ್ನು ಒಪ್ಪಿಸಿತು. ಅವರ ವರದಿಯು ೩೧ ಇಲಾಖೆಗಳನ್ನು ಪರಿಶೀಲಿಸಿದ್ದಿತು. ಅದರ ಆಧಾರದ ಮೇಲೆ ೨೦೧೮ರಲ್ಲಿ ಹೊಸ ಕಾಯಿದೆಯಾಯಿತು. ೧೯೭೮ರ ಏಪ್ರಿಲ್ ೨೭ರಿಂದ ಕೊಟ್ಟಿದ್ದ ಜ್ಯೇಷ್ಠತೆಗೆ ಅದು ರಕ್ಷಣೆಯನ್ನು ನೀಡಿತು. ಅದೇ ವರ್ಷದ ಸೆಪ್ಟೆಂಬರ್ ೨೬ರಂದು ಜರ್ನೈಲ್ ಸಿಂಗ್ ಮೊಕದ್ದಮೆಯಲ್ಲಿ, ಪರಿಶಿಷ್ಟರ ಹಿಂದುಳಿದಿರುವಿಕೆಯನ್ನು ಅಂಕಿಗಳಿಂದ ಸಾಧಿಸಬೇಕಾದುದಿಲ್ಲವೆಂದು ನಿರ್ಣಯವಾಯಿತು. ೨೦೧೯ರ ಮೇ ೧೦ರಂದು ಎರಡನೆಯ ಪವಿತ್ರಾ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಲಲಿತ್ ಅವರು ೨೦೧೮ರ ಕಾಯಿದೆಯನ್ನು ಎತ್ತಿಹಿಡಿದರು. ದಕ್ಷತೆಯೆಂಬುದರ ಅರ್ಥದಲ್ಲಿ ಸಮಾಜದ ಎಲ್ಲ ವರ್ಗಗಳ ಒಳಗೊಳ್ಳುವಿಕೆಯೂ ಸೇರಬೇಕೆಂದು ಆ ತೀರ್ಪು ವಿವೇಚಿಸಿತು. ಮಿಲ್ಲರ್ ಸಮಿತಿಯ ವರದಿಗೆ ಸರಿಯಾಗಿ ನೂರು ವರ್ಷಗಳಾದ ಮೇಲೆ, ಅದೇ ಮೈಸೂರು ಸೀಮೆಯನ್ನೊಳಗೊಂಡ ರಾಜ್ಯದ ಮೊಕದ್ದಮೆಯಲ್ಲಿ, ಅದೇ ವಿಚಾರವು ಮರಳಿ ಬಂದಿತು.

ವಿವಾದವು ಅಲ್ಲಿಗೂ ಮುಗಿಯಲಿಲ್ಲ. ೨೦೨೨ರ ಜನವರಿ ೨೮ರಂದು ಸುಪ್ರೀಂ ಕೋರ್ಟು, ಪ್ರಾತಿನಿಧ್ಯದ ಕೊರತೆಯನ್ನು ಇಡಿಯ ಸೇವೆಗೋ ದರ್ಜೆಯ ಗುಂಪಿಗೋ ಅಲ್ಲದೆ ಪ್ರತಿಯೊಂದು ವೃಂದಕ್ಕೂ ಬೇರೆಬೇರೆಯಾಗಿ ಅಳೆಯಬೇಕೆಂದೂ, ಗುಂಪಿನ ಅಂಕಿಗಳನ್ನು ಒಪ್ಪಿದ ಎರಡನೆಯ ಪವಿತ್ರಾ ತೀರ್ಪಿನ ಆ ಭಾಗವು ಸರಿಯಲ್ಲವೆಂದೂ ಹೇಳಿತು.

೬

ಈ ಚರಿತ್ರೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಇಲ್ಲಿ ‘ಅರ್ಹತೆ’ ಎಂಬ ಮಾತು ಅನೇಕವೇಳೆ ತನ್ನದಲ್ಲದ ಸ್ಥಳದಲ್ಲಿ ಬಳಕೆಯಾಗಿದೆ. ಬಡ್ತಿಯನ್ನು ಆಯ್ಕೆಯಿಂದ ಕೊಡುವ ಹುದ್ದೆಗಳು ಬೇರೆ. ಜ್ಯೇಷ್ಠತೆ ಮತ್ತು ಅರ್ಹತೆಗಳಿಂದ ಕೊಡುವ ಹುದ್ದೆಗಳು ಬೇರೆ. ಎರಡನೆಯ ಬಗೆಯಲ್ಲಿ, ಹುದ್ದೆಗೆ ಬೇಕಾದ ಕನಿಷ್ಠ ಯೋಗ್ಯತೆಯು ಇದೆಯೆಂದು ಕಂಡುಬಂದ ಮೇಲೆ ಪಟ್ಟಿಯಲ್ಲಿ ಮೊದಲಿರುವವನೇ ಮುಂದೆ ಹೋಗುತ್ತಾನೆ; ಇಬ್ಬರಲ್ಲಿ ಹೆಚ್ಚು ನಿಪುಣನಾರೆಂದು ಯಾರೂ ಕೇಳುವುದಿಲ್ಲ. ಆದುದರಿಂದ ‘ಅ’ನ ದೂರು ತನ್ನ ಗುಣಾಧಿಕ್ಯವನ್ನು ಕಡೆಗಣಿಸಿದರೆಂಬುದಲ್ಲ, ತನ್ನ ಸರದಿಯನ್ನು ತಪ್ಪಿಸಿದರೆಂಬುದು. ಹಾಗೆ ನೋಡಿದರೆ ಆ ದೂರಿನ ಬಲವೇನೂ ಕುಗ್ಗುವುದಿಲ್ಲ. ಸರದಿಯಲ್ಲಿ ಇಪ್ಪತ್ತು ವರ್ಷ ಕಾದವನ ಸಂಕಟವು ನಿಜವಾದುದೇ. ಆದರೆ ಅದನ್ನು ದಕ್ಷತೆಯ ವಾದವೆಂದು ಕರೆಯುವುದು ಸರಿಯಾಗದು. ಮೇಲಿನ ಹುದ್ದೆಗೆ ಹೋದವನು ಅಲ್ಲಿ ಖಾಯಂ ಆಗುವುದಕ್ಕೆ ಮೊದಲು ನಿಯತಕಾಲ ಕೆಲಸ ಮಾಡಿ ತೋರಿಸಬೇಕೆಂಬ ನಿಯಮವು ದಕ್ಷತೆಯನ್ನು ಕಾಯುತ್ತದೆಂಬುದನ್ನು ೨೦೧೯ರ ತೀರ್ಪು ಗಮನಿಸಿದೆ.

ಎರಡನೆಯದಾಗಿ, ಸರದಿಯೆಂಬುದು ಪ್ರಕೃತಿಸಿದ್ಧವಾದುದಲ್ಲ, ನಿಯಮಸಿದ್ಧವಾದುದು. ಯಾವ ದಿನದಿಂದ ಎಣಿಸಬೇಕು, ಯಾವ ಪಟ್ಟಿಯಿಂದ ಎಣಿಸಬೇಕು ಎಂಬುದನ್ನು ಮನುಷ್ಯರು ಗೊತ್ತುಮಾಡುತ್ತಾರೆ. ಕೆಳಗಿನ ಪಟ್ಟಿಯ ಕ್ರಮವೇ ನ್ಯಾಯವೆನ್ನುವವನು, ಆ ಪಟ್ಟಿಗೆ ಸೇರುವ ಬಾಗಿಲು ಎಷ್ಟು ತಲೆಮಾರುಗಳ ಕಾಲ ಯಾರಿಗೆ ಮುಚ್ಚಿದ್ದಿತೆಂಬುದನ್ನೂ ಲೆಕ್ಕಕ್ಕೆ ತರಬೇಕಾಗುತ್ತದೆ. ಅದೇ ರೀತಿಯಲ್ಲಿ, ಮೇಲಿನ ಹುದ್ದೆಯ ಸೇವಾಕಾಲವೇ ನ್ಯಾಯವೆನ್ನುವವನು, ಪ್ರಾತಿನಿಧ್ಯವು ಸಾಕಷ್ಟಾದ ವೃಂದದಲ್ಲಿಯೂ ಅದು ಹಾಗೆಯೇ ಮುಂದುವರಿಯಬೇಕೇ ಎಂಬುದಕ್ಕೆ ಉತ್ತರ ಕೊಡಬೇಕಾಗುತ್ತದೆ. ಪ್ರತಿಯೊಂದು ವೃಂದವನ್ನೂ ಬೇರೆಯಾಗಿ ಅಳೆಯಬೇಕೆಂಬ ೨೦೨೨ರ ನಿರ್ಣಯದ ಸಾರ್ಥಕತೆಯು ಇಲ್ಲಿದೆ: ಗುಮಾಸ್ತೆಯರ ಮಟ್ಟದ ಹೆಚ್ಚಳವು ಮೇಲಧಿಕಾರಿಗಳ ಮಟ್ಟದ ಕೊರತೆಯನ್ನು ಮರೆಸಬಾರದು, ಒಂದೆಡೆಯ ಕೊರತೆಯು ಇನ್ನೊಂದೆಡೆಯ ಅತಿಶಯಕ್ಕೆ ನೆಪವಾಗಲೂ ಬಾರದು.

ಮೂರನೆಯದಾಗಿ, ಎರಡು ಪಕ್ಷದವರಿಗೂ ಹೆಚ್ಚಿನ ಅನ್ಯಾಯವಾದುದು ನಿಯಮದಿಂದಲ್ಲ, ನಿಯಮದ ಅಸ್ಥಿರತೆಯಿಂದ. ೧೯೯೫ರಿಂದ ೨೦೧೯ರವರೆಗಿನ ಇಪ್ಪತ್ನಾಲ್ಕು ವರ್ಷಗಳಲ್ಲಿ ಪಟ್ಟಿಯನ್ನು ಎಣಿಸುವ ರೀತಿಯು ಅನೇಕಾವರ್ತಿ ಬದಲಾಯಿತು. ಕೆಲವು ಬದಲಾವಣೆಗಳು ಹಿಂದಿನ ದಿನಾಂಕಕ್ಕೆ ಅನ್ವಯವಾದುವು. ಒಬ್ಬ ನೌಕರನ ಸೇವೆಯ ಅವಧಿಯಾದರೋ ಸುಮಾರು ಮೂವತ್ತೈದು ವರ್ಷ. ನಡುವೆ ನಿವೃತ್ತರಾದವರಿಗೆ ಯಾವ ತೀರ್ಪೂ ಕಳೆದ ಕಾಲವನ್ನು ಹಿಂದಿರುಗಿಸಲಾರದು. ಅಂಕಿಅಂಶಗಳನ್ನು ಸರ್ಕಾರವು ಮೊದಲೇ, ಪ್ರತಿಯೊಂದು ವೃಂದಕ್ಕೂ, ನಿಯತಕಾಲಕ್ಕೊಮ್ಮೆ ಸಂಗ್ರಹಿಸಿ ಪ್ರಕಟಿಸಿದ್ದರೆ, ಈ ಸಂಕಟದ ಬಹುಭಾಗವು ತಪ್ಪುತ್ತಿದ್ದಿತು.

ಶಬ್ದಶಾಸ್ತ್ರವು ‘ಜ್ಯೇಷ್ಠ’ ಎಂಬ ಒಂದೇ ರೂಪಕ್ಕೆ ಎರಡು ಮೂಲಗಳನ್ನು ಹೇಳಿ, ಯಾವ ಅರ್ಥವೆಂಬುದನ್ನು ಸಂದರ್ಭಕ್ಕೆ ಬಿಡುತ್ತದೆ. ಆಡಳಿತಶಾಸ್ತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ. ಪಟ್ಟಿಯಲ್ಲಿ ಒಬ್ಬನ ಹೆಸರನ್ನು ಇನ್ನೊಬ್ಬನ ಹೆಸರಿನ ಮೇಲೆ ಬರೆಯುವಾಗ, ಯಾವ ಕಾರಣದಿಂದ ಬರೆಯಿತೆಂಬುದನ್ನು ಅದು ಇಬ್ಬರಿಗೂ ತಿಳಿಯುವಂತೆ, ಬರೆಯುವುದಕ್ಕೆ ಮೊದಲೇ, ಹೇಳಬೇಕಾಗುತ್ತದೆ.