ವ್ಯಾಪಾರ ಒಪ್ಪಂದಗಳಲ್ಲಿ ಸ್ಪರ್ಧಾನೀತಿ: ಬಿಳಿಗಿರಿರಂಗನ ಬೆಟ್ಟದ ಕಾಫಿಯ ನಿದರ್ಶನ

ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದಗಳು ಮುಖ್ಯವಾಗಿ ಸರ್ಕಾರಗಳು ಒಡ್ಡಿದ ತಡೆಗಳನ್ನು ತೆಗೆಯಲು ಏರ್ಪಟ್ಟವು. ಆಮದು ಸುಂಕ, ಪರಿಮಾಣದ ಮಿತಿ, ಪಕ್ಷಪಾತದ ನಿಯಮಗಳು ಅವುಗಳ ಗುರಿ. ಆದರೆ ಸರ್ಕಾರ ತೆಗೆದ ತಡೆಯನ್ನು ವ್ಯಾಪಾರಿಗಳು ತಮ್ಮೊಳಗಿನ ಗುಟ್ಟಿನ ಕರಾರಿನಿಂದ ಮತ್ತೆ ಹೂಡಬಲ್ಲರು. ಬೆಲೆಯನ್ನು ಕೂಡಿ ಗೊತ್ತುಪಡಿಸಬಲ್ಲರು, ಮಾರುಕಟ್ಟೆಯನ್ನು ಹಂಚಿಕೊಳ್ಳಬಲ್ಲರು. ಇಂಥ ವರ್ತನೆಯನ್ನು ಕಾನೂನಿನಿಂದ ಹತೋಟಿಯಲ್ಲಿಡುವುದೇ ಸ್ಪರ್ಧಾನೀತಿ. ವ್ಯಾಪಾರ ಒಪ್ಪಂದಗಳಲ್ಲಿ ಅದಕ್ಕೆ ದೊರೆತಿರುವ ಸ್ಥಾನವೆಷ್ಟು, ಅದರಿಂದ ನಮ್ಮ ಬೆಳೆಗಾರನಿಗೆ ಆಗುವ ಪ್ರಯೋಜನವೇನು ಎಂಬುದನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸುತ್ತೇವೆ.

ಬಿಳಿಗಿರಿರಂಗನ ಬೆಟ್ಟವನ್ನು ಕಾಫಿ ಮಂಡಲಿಯು ಪ್ರತ್ಯೇಕ ಕಾಫಿ ಪ್ರದೇಶವೆಂದು ಎಣಿಸುತ್ತದೆ. ಇಲ್ಲಿ ದೊಡ್ಡ ತೋಟಗಳಿರುವಂತೆಯೇ, ಪೋಡುಗಳಲ್ಲಿ ವಾಸಿಸುವ ಸೋಲಿಗರು ಮರದ ನೆರಳಿನಲ್ಲಿ ಬೆಳೆಯುವ ಸಣ್ಣ ತುಂಡು ಭೂಮಿಗಳೂ ಇವೆ. ಬೆಳೆ ಅರೇಬಿಕಾ, ಅದರ ಬೆಲೆಗೆ ಆಧಾರ ನ್ಯೂಯಾರ್ಕಿನ ವಾಯಿದೆ ಪೇಟೆ. ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಕರ್ನಾಟಕದ್ದು. ದೇಶದ ಬೆಳೆಯ ಹೆಚ್ಚಿನ ಭಾಗ ರಫ್ತಾಗುತ್ತದೆ. ಇಟಲಿ ಮತ್ತು ಜರ್ಮನಿಗಳು ಮುಖ್ಯ ಗ್ರಾಹಕ ದೇಶಗಳು. ಹೀಗಾಗಿ ಪೋಡಿನಲ್ಲಿ ಒಣಗಿಸಿದ ಕಾಫಿಯ ಬೆಲೆಗೂ ದೂರದ ಹುರಿಯುವ ಕಂಪನಿಗಳ ನಡತೆಗೂ ಸಂಬಂಧವುಂಟು.

ಹಿಂದೆ ಈ ಸಂಬಂಧದ ನಡುವೆ ಸರ್ಕಾರ ನಿಂತಿತ್ತು. 1942ರ ಕಾಫಿ ಅಧಿನಿಯಮದ ವ್ಯವಸ್ಥೆಯಲ್ಲಿ ಬೆಳೆಗಾರರು ಕಾಫಿಯನ್ನು ಮಂಡಲಿಯ ಸಾಮೂಹಿಕ ಸಂಗ್ರಹಕ್ಕೆ ಒಪ್ಪಿಸಬೇಕಾಗಿತ್ತು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ರಫ್ತುದೇಶಗಳಿಗೆ ಪಾಲು ನಿಗದಿಪಡಿಸಿ ಬೆಲೆಯನ್ನು ಹಿಡಿದಿಡಲು ಯತ್ನಿಸಿತು. ಶಾಸ್ತ್ರದೃಷ್ಟಿಯಿಂದ ಇವೆರಡೂ ಸ್ಪರ್ಧೆಯ ನಿರ್ಬಂಧಗಳೇ. ಆದರೆ ಬಹಿರಂಗವಾದ, ಸರ್ಕಾರಗಳು ಹೊಣೆ ಹೊತ್ತ ನಿರ್ಬಂಧಗಳು. 1989ರ ಜುಲೈನಲ್ಲಿ ಪಾಲಿನ ಪದ್ಧತಿ ಕುಸಿಯಿತು. 1996ರಲ್ಲಿ ಕಡ್ಡಾಯ ಸಂಗ್ರಹ ಕೊನೆಗೊಂಡಿತು. ಬೆಳೆಗಾರನಿಗೆ ಮಾರುವ ಸ್ವಾತಂತ್ರ್ಯ ಬಂತು. ಆದರೆ ಮಾರುವವರು ಲಕ್ಷಾಂತರ, ಕೊಂಡು ಹುರಿಯುವ ದೊಡ್ಡ ಕಂಪನಿಗಳು ಕೆಲವೇ; ಖಾಸಗಿ ಬಲವನ್ನು ಅಂಕೆಯಲ್ಲಿಡುವ ಅಂತರರಾಷ್ಟ್ರೀಯ ನಿಯಮ ಮಾತ್ರ ಹುಟ್ಟಲಿಲ್ಲ.

ಅದರ ಕಲ್ಪನೆ ಹೊಸದೇನಲ್ಲ. 1948ರ ಹವಾನಾ ಸನ್ನದಿನ ಐದನೆಯ ಅಧ್ಯಾಯ ಈ ವಿಷಯಕ್ಕೇ ಮೀಸಲಾಗಿತ್ತು. ಸನ್ನದು ಜಾರಿಗೆ ಬರಲಿಲ್ಲ. 1980ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ತತ್ತ್ವಗಳು ಸಲಹೆಯಾಗಿಯೇ ಉಳಿದವು. 1996ರ ಸಿಂಗಪುರ ಸಮ್ಮೇಳನದಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಇದರ ಅಧ್ಯಯನಕ್ಕೆ ಕಾರ್ಯತಂಡವನ್ನು ನೇಮಿಸಿತು. 2004ರಲ್ಲಿ ವಿಷಯವನ್ನು ಆಗಿನ ಸಂಧಾನದಿಂದ ಕೈಬಿಡಲಾಯಿತು. ಭಾರತವೂ ವಿರೋಧಿಸಿದವರ ಪಂಕ್ತಿಯಲ್ಲಿತ್ತು. ಸಮಾನ ಉಪಚಾರದ ತತ್ತ್ವವು ವಿದೇಶಿ ಕಂಪನಿಗಳ ಪ್ರವೇಶಕ್ಕೆ ಸಾಧನವಾದೀತೆಂಬ ಶಂಕೆ ಅಭಿವೃದ್ಧಿಶೀಲ ದೇಶಗಳಲ್ಲಿತ್ತು. ಶಂಕೆ ನಿರಾಧಾರವಾಗಿರಲಿಲ್ಲ, ಆದರೆ ಅದರೊಡನೆ ಒಂದು ರಕ್ಷಣೆಯ ಸಾಧ್ಯತೆಯೂ ಕೈತಪ್ಪಿತು.

ಈ ಕೊರತೆಯ ಪರಿಣಾಮವನ್ನು ಒಂದು ಪ್ರಕರಣ ತೋರಿಸುತ್ತದೆ. 2009ರ ಡಿಸೆಂಬರಿನಲ್ಲಿ ಜರ್ಮನಿಯ ಸ್ಪರ್ಧಾ ಪ್ರಾಧಿಕಾರವು ಮಾರಾಟದ ಬೆಲೆಯ ಬಗ್ಗೆ ಒಳಒಪ್ಪಂದ ಮಾಡಿಕೊಂಡಿದ್ದ ಮೂರು ಕಾಫಿ ಕಂಪನಿಗಳಿಗೆ ಸುಮಾರು 16 ಕೋಟಿ ಯೂರೋ ದಂಡ ವಿಧಿಸಿತು. ರಕ್ಷಣೆ ದೊರೆತದ್ದು ಜರ್ಮನಿಯ ಗ್ರಾಹಕನಿಗೆ. ಅದೇ ಬಗೆಯ ಕೂಟ ಕೊಳ್ಳುವ ಬೆಲೆಯನ್ನು ತಗ್ಗಿಸಲು ಏರ್ಪಟ್ಟರೆ ನಷ್ಟ ಬೆಳೆಗಾರನದು. ಅವನಿರುವುದು ಬೇರೆ ದೇಶದಲ್ಲಿ. ಪ್ರತಿಯೊಂದು ದೇಶದ ಕಾನೂನೂ ಮೊದಲು ನೋಡುವುದು ತನ್ನ ಮಾರುಕಟ್ಟೆಯನ್ನೇ.

ನಮ್ಮ ಕಾನೂನೂ ಇದಕ್ಕೆ ಹೊರತಲ್ಲ. 2002ರ ಸ್ಪರ್ಧಾ ಅಧಿನಿಯಮದ 32ನೆಯ ಕಲಮು, ವಿದೇಶದಲ್ಲಿ ನಡೆದ ಕೃತ್ಯ ಭಾರತದ ಮಾರುಕಟ್ಟೆಯ ಸ್ಪರ್ಧೆಯನ್ನು ಕೆಡಿಸಿದರೆ ವಿಚಾರಿಸುವ ಅಧಿಕಾರವನ್ನು ಸ್ಪರ್ಧಾ ಆಯೋಗಕ್ಕೆ ಕೊಟ್ಟಿದೆ. ಆದರೆ ಕೇವಲ ರಫ್ತಿಗೆ ಸಂಬಂಧಿಸಿದ ಒಪ್ಪಂದಗಳಿಗೆ 3ನೆಯ ಕಲಮು ವಿನಾಯಿತಿ ನೀಡುತ್ತದೆ. ಪರರ ಕೂಟವನ್ನು ಆಕ್ಷೇಪಿಸುವ ನಾವು ನಮ್ಮ ರಫ್ತುಗಾರರ ಕೂಟಕ್ಕೆ ಎಡೆಯಿಟ್ಟಿದ್ದೇವೆ.

ಈಗ ದ್ವಿಪಕ್ಷೀಯ ಒಪ್ಪಂದಗಳಲ್ಲಿ ಸ್ಪರ್ಧೆಯ ಅಧ್ಯಾಯಗಳು ಕಾಣಿಸಿಕೊಂಡಿವೆ: 2009ರ ಕೊರಿಯ, 2011ರ ಜಪಾನ್, 2024ರ ಯೂರೋಪಿನ ನಾಲ್ಕು ರಾಷ್ಟ್ರಗಳ ಒಪ್ಪಂದಗಳು ಇದಕ್ಕೆ ಉದಾಹರಣೆ. ಇಂಥ ಅಧ್ಯಾಯಗಳು ಸಾಮಾನ್ಯವಾಗಿ ಸಹಕಾರ, ಸಮಾಲೋಚನೆಗಳನ್ನು ವಿಧಿಸುತ್ತವೆಯೇ ಹೊರತು ವ್ಯಾಜ್ಯಕ್ಕೆ ಅವಕಾಶ ಕೊಡುವುದಿಲ್ಲ. ಆದರೂ ಅವು ನಿರರ್ಥಕವಲ್ಲ. ಕೂಟದ ಸಾಕ್ಷ್ಯ ವಿದೇಶದ ಕಚೇರಿಗಳಲ್ಲಿರುವುದರಿಂದ, ಪ್ರಾಧಿಕಾರಗಳ ನಡುವೆ ಮಾಹಿತಿಯ ವಿನಿಮಯವಿಲ್ಲದೆ 32ನೆಯ ಕಲಮು ಕಾಗದದಲ್ಲಿಯೇ ಉಳಿದೀತು.

ಇಷ್ಟಾದರೂ ಒಪ್ಪಂದ ಪೋಡಿನವರೆಗೆ ತಲುಪದು. ಬೆಟ್ಟಕ್ಕೆ ಬರುವ ವ್ಯಾಪಾರಿ ಒಬ್ಬನೇ ಆದರೆ ವಿಶ್ವದ ಬೆಲೆ ಏರಿದರೂ ಸೋಲಿಗನ ಕೈಗೆ ಬರುವುದು ಅವನು ಹೇಳಿದಷ್ಟೇ. ಆ ಏಕಸ್ವಾಮ್ಯವನ್ನು ಮುರಿಯಬೇಕಾದುದು ಬೆಳೆಗಾರರ ಸಹಕಾರ ಸಂಘ, ಸ್ಥಳೀಯ ಸಂಸ್ಕರಣೆ, ಬೆಲೆಯ ತಿಳಿವಳಿಕೆಗಳಿಂದ. ಆದುದರಿಂದ ಸ್ಪರ್ಧಾನೀತಿಯನ್ನು ರಾಜಧಾನಿಗಳ ಸಂಧಾನದ ವಿಷಯವೆಂದು ಮಾತ್ರ ತಿಳಿಯುವುದು ಸಾಲದು. ಸುಂಕದ ಇಳಿತದ ಲಾಭ ಬೆಳೆದವನಿಗೂ ಸೇರಬೇಕಾದರೆ, ಕೊಳ್ಳುವವರ ನಡುವೆ ಪೇಟೆಯಲ್ಲಿಯೂ ಬೆಟ್ಟದಲ್ಲಿಯೂ ನಿಜವಾದ ಪೈಪೋಟಿ ಇರಬೇಕೆಂಬುದು ನಮ್ಮ ನಿರ್ಣಯ.